ಆನೆಯೊಂದು ಕಾಣದಿದ್ದರೆ ಸಾಕು

ಕಾಡು ನೋಡಲು ಹೋಗುವವರೆಲ್ಲ ಆನೆ ಕಾಣಲಪ್ಪ ಎಂದು ಬೇಡಿಕೊಳ್ಳುತ್ತಾರೆ. ಆನೆಯೊಂದು ಕಾಣದಿದ್ದರೆ ಸಾಕು ಎಂದು ಕೈಮುಗಿದುಕೊಂಡು ಸಫಾರಿ ಬಸ್ಸು ಹತ್ತಿದವಳು ನಾನೊಬ್ಬಳೇ ಇರಬೇಕು. ಹುಲಿ ಬರಲಿ, ಚಿರತೆ ಬರಲಿ, ಕರಡಿ ಬೇಕಾದರೆ ರಸ್ತೆಗೆ ಅಡ್ಡ ಮಲಗಲಿ, ನನ್ನದೇನೂ ತಕರಾರಿಲ್ಲ. ಆನೆ ಮಾತ್ರ ಬೇಡ. ಆನೆ ಕಂಡರೆ ನನ್ನ ಮೈದುನ ಚೇತನ್‌ಕುಮಾರನ ಸಂಬಂಧ ಕೆಡುತ್ತದೆ.

ಅವನಿಗೆ ಹೆಣ್ಣು ಹುಡುಕಿ ಹುಡುಕಿ ನಮ್ಮ ಮನೆಯವರ ಚಪ್ಪಲಿ ಸವೆದಿದ್ದವು. ಚೇತುವಿನಲ್ಲಿ ಐಬಿಲ್ಲ. ಬೀಡಿ ಸೇದುವುದಿಲ್ಲ, ಕುಡಿಯುವುದಿಲ್ಲ, ಹೆಂಗಸರ ಎದುರು ತಲೆ ಎತ್ತಿ ಮಾತಾಡುವುದೂ ಕಡಿಮೆ. ಐಬಿರುವುದು ನಮ್ಮೂರಿನಲ್ಲಿ. ಹನಗೋಡಿನಿಂದ ಒಳಕ್ಕೆ, ಕಾಡಿನ ಅಂಚಿಗೆ ಒತ್ತಿಕೊಂಡಿರುವ ಊರು ನಮ್ಮದು. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ, ಹುಡುಗನನ್ನು ಒಪ್ಪುತ್ತಾರೆ, ಜಮೀನನ್ನೂ ಒಪ್ಪುತ್ತಾರೆ. ಆಮೇಲೆ ಹಿತ್ತಿಲಿಗೆ ಹೋಗಿ ತುಳಿದುಹೋದ ಬಾಳೆ ನೋಡುತ್ತಾರೆ, ರಾಗಿ ಹೊಲದ ನಡುವೆ ನಾಲ್ಕು ಕಂಬದ ಮೇಲೆ ನಿಂತ ಕಾವಲಿನ ಅಟ್ಟಣೆ ನೋಡುತ್ತಾರೆ. ಅದು ಯಾಕೆ ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಫೋನ್ ಮಾಡುತ್ತೇವೆ ಎಂದು ಹೊರಡುತ್ತಾರೆ. ಇದುವರೆಗೆ ಒಬ್ಬರೂ ಮಾಡಿಲ್ಲ.

ಈ ಸಲ ಕೆ.ಆರ್. ನಗರದ ಕಡೆಯ ಸಂಬಂಧ ಬಂದಿತ್ತು. ಹುಡುಗಿ ಸುಕನ್ಯ. ಬಿ.ಎ. ಓದಿ ಕೆ.ಆರ್. ನಗರದಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ನಾಲೆಯ ನೀರು, ಭತ್ತದ ಗದ್ದೆ, ಕಣ್ಣು ಹಾಯುವಷ್ಟು ದೂರವೂ ಹಸಿರು, ಅಂಥ ಊರು ಅವರದು. ಜಾತಕ ಕೂಡಿತು, ಫೋಟೋ ಕೂಡಿತು. ಅವಳ ತಾಯಿ ಸುನಂದಮ್ಮ ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು. "ನಿಮ್ ಕಡೆ ಆನೆ ಕಾಟ ಅಂತಾರಲ್ಲವ್ವ, ನಿಮ್ಮೂರ್ಗೂ ಬತ್ತವಾ?"

"ಅಯ್ಯೋ, ಇಲ್ಲ ಕಣಮ್ಮ. ಕಾಡು ನಮ್ಮೂರಿಂದ ಬೋ ದೂರ" ಎಂದುಬಿಟ್ಟೆ. ನನ್ನ ನಾಲಗೆ ಒಂದಿಷ್ಟೂ ತೊದಲಲಿಲ್ಲ.

ಭಾನುವಾರ ಮನೆ ನೋಡಲು ಬರುವುದೆಂದಾಯಿತು. ಧನುರ್ಮಾಸ ಹುಟ್ಟುವುದರೊಳಗೆ ಮಾತು ಮುಗಿಯಬೇಕೆಂದು ಎರಡು ಕಡೆಯವರಿಗೂ ಅವಸರ. ಅದೇ ವಾರ ಆನೆಗಳು ನಮ್ಮ ಹಿತ್ತಿಲ ಗೋಡೆಯನ್ನು ಮಲಗಿಸಿ, ಹಲಸಿನ ಮರದ ಕೊಂಬೆ ಸೀಳಿ, ದಾರಿಯುದ್ದಕ್ಕೂ ಲದ್ದಿ ಹಾಕಿಕೊಂಡು ಹೋದವು. ಲದ್ದಿ ಬಾಚಬಹುದು, ಗೋಡೆಯನ್ನು ಏನು ಮಾಡುವುದು? ನನ್ನ ತಲೆ ಇಂಥ ಹೊತ್ತಿನಲ್ಲೇ ಓಡುವುದು. ಸುನಂದಮ್ಮನಿಗೆ ಫೋನ್ ಮಾಡಿ, "ಮನೆ ಎಲ್ಲಿಗೂ ಓಡೋಗಲ್ಲ ಕಣಮ್ಮ. ಈಗಿನ ಕಾಲ್ದಲ್ಲಿ ಹುಡ್ಗ ಹುಡ್ಗಿ ಮೊದ್ಲು ನಾಕ್ ಮಾತಾಡ್ಬೇಕು. ಬೆಳಿಗ್ಗೆ ವೀರನಹೊಸಹಳ್ಳೀಲಿ ಸಫಾರಿ ಓಗಿ, ಮಧ್ಯಾಹ್ನ ಕಬಿನಿ ಹಿನ್ನೀರು ನೋಡ್ಕಂಡು ಬರಾಣ" ಎಂದೆ. ಆಯಮ್ಮ ಒಪ್ಪಿಕೊಂಡರು.

ನನ್ನ ಗಂಡ ಯತೀಶ್ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆನೆ ವಿಷ್ಯ ಮುಚ್ಚಾಕಕ್ಕೆ ಆನೆ ಕಾಡ್ಗೇ ಕರ್ಕಂಡೋಯ್ತಿಯಾ? ನಿನ್ ತಲೇಲಿ ಏನೈತೆ?"

"ಕಾಡಲ್ಲಿ ಆನೆ ಇರ್ಲೇಬೇಕು ಕಣ್ರೀ. ಕಾಡಲ್ಲಿ ನೋಡಿದ್ರೆ ಊರಲ್ಲಿ ಇರಲ್ಲ ಅಂತ ಅವ್ರೇ ಅನ್ಕತಾರೆ" ಎಂದೆ.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಚೇತುವಿನ ವಿಷಯದಲ್ಲಿ. ರಾಗಿ ತೆನೆ ಕಟ್ಟಿದಂದಿನಿಂದ ಕಣಕ್ಕೆ ಬರುವವರೆಗೂ ಅವನು ಅಟ್ಟಣೆಯ ಮೇಲೇ. ಬೇರೆಯವರಂತೆ ಪಟಾಕಿ ಹೊಡೆಯುವುದಿಲ್ಲ, ಹೊಡೆದರೆ ಅವಕ್ಕೆ ಸಿಟ್ಟು ಬರುತ್ತದಂತೆ. ಖಾಲಿ ತಗಡಿನ ಡಬ್ಬ ಬಡಿಯುತ್ತಾನೆ, ಮತ್ತೆ ಮಾತಾಡುತ್ತಾನೆ. ಕಾವಲಿಗೆ ಕೂತವರು ನಮ್ಮಲ್ಲಿ ಆನೆಯನ್ನು ಆನೆ ಎನ್ನುವುದಿಲ್ಲ, ಸ್ವಾಮಿ ಎನ್ನುತ್ತಾರೆ. ಮನುಷ್ಯರ ಎದುರು ಬಾಯಿ ಬಿಡದ ನನ್ನ ಮೈದುನ ಸ್ವಾಮಿಯ ಎದುರು ಮಾತ್ರ ವಕೀಲನಾಗುತ್ತಾನೆ. ಒಂದು ಆನೆ ಕಣ್ಣಿಗೆ ಬಿದ್ದರೆ ಸಾಕು, ಇದು ಯಾವುದು, ಹೋದ ವರ್ಷ ಯಾರ ಹೊಲ ತಿಂದಿತು, ಯಾವ ಕಿವಿ ಹರಿದಿದೆ ಎಂದು ಶುರುಮಾಡಿಬಿಡುತ್ತಾನೆ. ಅದಕ್ಕೇ ಅವನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದ್ದೆ. "ಏನೇ ಕಂಡ್ರೂ ಉಸಿರೆತ್ತಬಾರ್ದು ಕಣೋ."

"ಆಯ್ತು ಬುಡತ್ತಿಗೆ" ಎಂದಿದ್ದ. ಅವತ್ತು ರಾತ್ರಿಯೂ ಅಟ್ಟಣೆಗೆ ಹೋಗಿ, ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಯತೀಶ್ ಓಡಿಸುವ ವ್ಯಾನಿನಲ್ಲಿ ಕೂತ.

ತಾಯಿ ಮಗಳು ಹಿಂದಿನ ಸಂಜೆಯೇ ಬಂದು ಹುಣಸೂರಿನ ನೆಂಟರ ಮನೆಯಲ್ಲಿ ತಂಗಿದ್ದರು, ಅವರನ್ನು ಅಲ್ಲಿಂದಲೇ ಹತ್ತಿಸಿಕೊಂಡೆವು. ಸುಕನ್ಯಳ ತಂದೆ ಬಂದಿರಲಿಲ್ಲ. ಭತ್ತ ಕೊಯ್ಯುವ ಮೆಷಿನ್ನು ಅವರ ಗದ್ದೆಗೆ ಸಿಕ್ಕಿದ್ದು ಅದೇ ದಿನವಂತೆ. "ನಾನು ಊಂ ಅಂದ್ರೆ ನಮ್ಮನೆಯವ್ರೂ ಊಂ ಅಂತಾರೆ" ಎಂದು ಸುನಂದಮ್ಮ ಬಂದು ಕೂತ ತಕ್ಷಣವೇ ಹೇಳಿದರು. ಅಂದರೆ ಒಪ್ಪಿಸಬೇಕಾದವರು ಯಾರು ಎಂದು ಗೊತ್ತಾಯಿತು. ನಾನು ತಡಮಾಡದೆ ಕಾಲ ಬಳಿಯ ಸ್ಟೀಲ್ ಡಬ್ಬಿ ತೆಗೆದೆ. ಮೂಡಣ ಕೆಂಪಾಗುವ ಮೊದಲೇ ಎದ್ದು ತಟ್ಟಿದ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ.

"ಬ್ಯಾಡ ಕಣವ್ವ" ಎಂದು ಸುನಂದಮ್ಮ ಕೈ ಅಡ್ಡ ಹಿಡಿದರು. "ಬೇಜಾರ್ ಮಾಡ್ಕಬೇಡ. ಸಂಬಂಧ ಕೂಡೋಗಂಟ ಗಂಡಿನ್ ಮನೆ ಊಟ ನಾವು ಮುಟ್ಟಲ್ಲ. ಮುಟ್ಟಿದ್ರೆ ಒಪ್ಕಂಡಂಗೆ."

ಪದ್ಧತಿ ನಮ್ಮಲ್ಲೂ ಇದೆ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಸಿದ ಹೊಟ್ಟೆ ಮರೆತುಹೋಗಬಹುದೆಂಬ ಆಸೆ. ಡಬ್ಬಿ ಮುಚ್ಚಿ ಸೀಟಿನ ಕೆಳಗೆ ತಳ್ಳಿದೆ. ಗೇಟಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಟೀ ಕುಡಿದರು. ಹೋಟೆಲು ಯಾರ ಮನೆಯೂ ಅಲ್ಲವಲ್ಲ.

ಬಸ್ಸಿನಲ್ಲಿ ಮೈಸೂರು ಕಡೆಯ ಎರಡು ಸಂಸಾರಗಳು ಮಕ್ಕಳು ಮರಿ ಸಮೇತ ಬಂದಿದ್ದವು. ಚೇತು ಕಿಟಕಿಯ ಪಕ್ಕ ಕೂತ, ಅವನ ಪಕ್ಕ ಯತೀಶ್. ನಡುವಿನ ದಾರಿಯ ಆಚೆ ಸುಕನ್ಯ, ಅವಳ ತಾಯಿ. ನಾನು ಅವರ ಹಿಂದೆ. ಎಲ್ಲರ ತಲೆಯೂ ಕಾಣುವ ಜಾಗ ಎಂದು ಆರಿಸಿಕೊಂಡು ಕೂತಿದ್ದೆ. ಮಂಜು ಇನ್ನೂ ಮರಗಳ ಬುಡ ಬಿಟ್ಟಿರಲಿಲ್ಲ. ಜಿಂಕೆಗಳು ಕಂಡವು, ಎಲ್ಲರೂ ಆಹಾ ಎಂದರು. ನವಿಲು ಕಂಡಿತು, ಕಾಟಿ ಎನ್ನುವ ಕಾಡುಕೋಣ ಕಂಡಿತು. ಒಂದು ಕಡೆ ಮಣ್ಣಿನಲ್ಲಿ ಹುಲಿಯ ಹೆಜ್ಜೆ ಇದೆಯೆಂದು ಗೈಡು ಬಸ್ಸು ನಿಲ್ಲಿಸಿದ. ಹುಲಿಯಪ್ಪ, ಬಂದು ದರ್ಶನ ಕೊಟ್ಟು ಇವರನ್ನು ತೃಪ್ತಿಪಡಿಸಿ ಕಳಿಸು ಎಂದು ಬೇಡಿಕೊಂಡೆ. ಬರಲಿಲ್ಲ.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಿದಿರಿನ ಮೆಳೆ ಕಂಡರೆ ಅದರ ಹಿಂದೆ ಏನಿದೆಯೋ, ಬೂದು ಬಣ್ಣದ ಬಂಡೆ ಕಂಡರೆ ಅದಕ್ಕೆ ಕಿವಿ ಇದೆಯೋ ಎಂದು ನೋಡುತ್ತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇದೇ ಕೆಲಸ. ಕಾಡು ಚೆನ್ನಾಗಿತ್ತಂತೆ. ಆಮೇಲೆ ಯತೀಶ್ ಹೇಳಿದರು.

ಚೇತುವಿನ ತಲೆ ಮೆಲ್ಲಗೆ ವಾಲತೊಡಗಿತು. ಆಮೇಲೆ ಕಿಟಕಿಯ ಕಂಬಿಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆಯೇ ಹೋದ. ಅರ್ಧ ನಾಚಿಕೆಯಾಯಿತು, ಅರ್ಧ ಸಮಾಧಾನವಾಯಿತು. ಮಲಗಿದವನು ಮಾತಾಡುವುದಿಲ್ಲವಲ್ಲ.

"ಹುಡ್ಗ ಮಲ್ಗೇಬುಟ್ಟವ್ನೆ" ಎಂದರು ಸುನಂದಮ್ಮ, ತಿರುಗಿ ನೋಡಿ.

"ಬೇಗ ಎದ್ದಿದ್ದು ಕಣಮ್ಮ, ಅಭ್ಯಾಸಿಲ್ಲ" ಎಂದೆ. ಸುಕನ್ಯ ಕಾಡು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅವನ ಅಂಗೈ ತೊಡೆಯ ಮೇಲೆ ತೆರೆದುಕೊಂಡಿತ್ತು. ಡಬ್ಬ ಬಡಿದು ಬಡಿದು ಜಡ್ಡುಗಟ್ಟಿದ ಅಂಗೈ.

ಇನ್ನೇನು ಮುಗಿಯಿತು, ಗೇಟಿನ ಕಡೆ ತಿರುಗುತ್ತೇವೆ ಎನ್ನುವಷ್ಟರಲ್ಲಿ ಒಂದು ಕೆರೆ ಸಿಕ್ಕಿತು. ಗೈಡು ಕೈ ಎತ್ತಿ ಶ್ ಎಂದ. ಡ್ರೈವರು ಇಂಜಿನ್ ಆರಿಸಿದ. ಕೆರೆಯ ಏರಿಯ ಕೆಳಗೆ ಒಂದು ತಾಯಿ ಆನೆ, ಅದರ ಕಾಲಡಿ ಮರಿ, ಸ್ವಲ್ಪ ಹಿಂದೆ ಇನ್ನೊಂದು ಹೆಣ್ಣಾನೆ. ಮರಿಗೆ ಸೊಂಡಿಲಿನಿಂದ ಕುಡಿಯಲು ಇನ್ನೂ ಬರುತ್ತಿರಲಿಲ್ಲ, ಮಂಡಿ ಊರಿ ಬಾಯನ್ನೇ ನೀರಿಗಿಟ್ಟಿತ್ತು. ಬಸ್ಸಿನವರೆಲ್ಲ ಫೋನ್ ಎತ್ತಿಕೊಂಡು ಉಸಿರು ಬಿಗಿಹಿಡಿದರು. ನಾನು ಚೇತುವಿನ ಕಡೆ ನೋಡಿದೆ. ಮಲಗೇ ಇದ್ದ. ಮಲಗಿರು ನಮ್ಮಪ್ಪ, ಇನ್ನೊಂದು ಗಳಿಗೆ ಮಲಗಿರು.

ಆಗ ಹಿಂದಿದ್ದ ಆನೆ ಒಂದು ಬಿದಿರು ಮುರಿಯಿತು.

ಆ ಸದ್ದು ನಿಮಗೆ ಗೊತ್ತಿರಲಾರದು. ನಮ್ಮೂರಿನಲ್ಲಿ ಗುಡುಗಿಗೆ ಏಳದವರೂ ಆ ಸದ್ದಿಗೆ ಏಳುತ್ತಾರೆ. ಚೇತು ಕಣ್ಣು ಬಿಡುವುದಕ್ಕೆ ಮೊದಲೇ ಎದ್ದು ನಿಂತಿದ್ದ. ಅಂಗೈಯಿಂದ ಬಸ್ಸಿನ ತಗಡನ್ನು ಡಬಡಬನೆ ಬಡಿಯುತ್ತಾ ಕಾಡೆಲ್ಲ ಮೊಳಗುವಂತೆ ಕೂಗಿದ.

"ಓಯ್! ಓಗು ಸ್ವಾಮಿ, ಓಗು! ನಿಂಗೂ ಮರಿ ಐತೆ, ನಮ್ಗೂ ಮಕ್ಳವೆ! ವರ್ಸುಕ್ಕೆಲ್ಲ ಇರೋದು ಇದೊಂದೇ ರಾಗಿ ಕಣಪ್ಪ! ನಿನ್ ಮನೆಗೆ ನೀನು ಓಗು ಸ್ವಾಮಿ!"

ತಾಯಿ ಆನೆ ಕಿವಿ ಅಗಲಿಸಿತು. ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಆಮೇಲೆ, ಏನಾಶ್ಚರ್ಯವೋ, ತಿರುಗಿ ಬಿದಿರಿನೊಳಕ್ಕೆ ನಡೆದೇಹೋಯಿತು. ಬಸ್ಸಿನಲ್ಲಿ ಮಕ್ಕಳು ಕಿಸಕ್ಕನೆ ನಕ್ಕವು, ಅವುಗಳ ಅಪ್ಪಂದಿರೂ ನಕ್ಕರು. "ಓಗು ಸ್ವಾಮಿ, ಓಗು" ಎಂದು ಒಂದು ಹುಡುಗಿ ಅಣಕಿಸಿದಳು. ಪೂರ್ತಿ ಎಚ್ಚರವಾದ ಚೇತು ಸುತ್ತ ನೋಡಿ, ನನ್ನ ಮುಖ ನೋಡಿ, ಕುಸಿದು ಕೂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ಇಲ್ಲಿ ಸದ್ದು ಮಾಡೋ ಹಂಗಿಲ್ಲ ಕಣ್ರೀ" ಎಂದು ಗದರಲು ಬಂದ ಗೈಡು ಅರ್ಧಕ್ಕೆ ನಿಂತು ಅವನನ್ನು ದಿಟ್ಟಿಸಿದ. "ಯಾವೂರಪ್ಪ? ಕಾವ್ಲು ಕೂರೋನಾ ನೀನು?"

"ಮೊಬೈಲಲ್ಲಿ ನೋಡಿ ಕಲ್ತವ್ನೆ ಬುಡಿ, ಇಪ್ಪತ್ತನಾಲ್ಕು ಗಂಟೆ ಅದ್ರಲ್ಲೇ ಇರ್ತಾನೆ" ಎಂದು ನಾನು ಹಿಂದಿನಿಂದಲೇ ಬಾಯಿ ಹಾಕಿದೆ. ನಕ್ಕೂಬಿಟ್ಟೆ. ಸುನಂದಮ್ಮ ನಗಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮುಂದೆ ನೋಡುತ್ತಾ ಕೂತರು.

ಅಲ್ಲಿಂದ ವ್ಯಾನಿನಲ್ಲಿ ಎಚ್.ಡಿ. ಕೋಟೆಯ ದಾರಿ ಹಿಡಿದೆವು. ಕೋಟೆಯ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಸುನಂದಮ್ಮ ಅನ್ನ ಕಲಸುತ್ತಾ ಯತೀಶರನ್ನು ಕೇಳಿದರು. "ಆ ಗೈಡು ಕಾವ್ಲು ಅಂದ್ನಲ್ಲಪ್ಪ, ಎಂಥಾ ಕಾವ್ಲು?"

"ಹಂದಿ ಕಾವ್ಲು ಕಣಮ್ಮ. ಹಂದಿ ಎಲ್ಲಾ ಊರಲ್ಲೂ ಇರ್ತವಲ್ಲ" ಎಂದರು ನನ್ನ ಗಂಡ, ತಲೆ ಎತ್ತದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರನ್ನು ನಾನು ಅಷ್ಟು ಮೆಚ್ಚಿದ್ದು ಅದೇ ಮೊದಲು. ಸುನಂದಮ್ಮ ಹೂಂ ಎಂದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಚೇತು ಮಜ್ಜಿಗೆಯನ್ನಷ್ಟೇ ಕುಡಿದು ಎದ್ದ.

ಅಂತರಸಂತೆ ದಾಟಿ ಹಿನ್ನೀರಿಗೆ ಬಂದಾಗ ಬಿಸಿಲು ವಾಲಿತ್ತು. ಇಷ್ಟೊಂದು ನೀರನ್ನು ಒಟ್ಟಿಗೆ ಕಂಡರೆ ಒಣಭೂಮಿಯವರಾದ ನಮಗೆ ಹೊಟ್ಟೆಕಿಚ್ಚು. ಆಚೆ ದಡದಲ್ಲಿ ಕಾಡು, ಅದರ ಹಿಂದೆ ಕೇರಳದ ಕಡೆಯ ಬೆಟ್ಟಗಳು ನೀಲಿಯಾಗಿ ಮಲಗಿದ್ದವು. ನೀರಿನ ನಡುವೆ ಮುಳುಗಿ ಸತ್ತ ಮರಗಳ ಬೋಳು ಕೊಂಬೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಸುನಂದಮ್ಮ ಕಾಲು ನೋವೆಂದು ಮರದ ನೆರಳಿನಲ್ಲಿ ಕೂತರು. ಗಂಡಸರಿಬ್ಬರೂ ವ್ಯಾನಿನ ಹತ್ತಿರ ಸುಮ್ಮನೆ ಟೈರು ಒದೆಯುತ್ತಾ ನಿಂತರು.

"ಅಕ್ಕ, ನೀರಿನ ತನಕ ಹೋಗಿ ಬರೋಣ ಬನ್ನಿ" ಎಂದಳು ಸುಕನ್ಯ. ಬೆಳಗಿನಿಂದ ಅವಳು ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು.

ಒದ್ದೆ ಮಣ್ಣಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಅವಳು ನೀರಿನಲ್ಲಿ ಪಾದ ಅದ್ದಿ ನಿಂತು ಬೆಟ್ಟಗಳ ಕಡೆ ನೋಡುತ್ತಾ ಕೇಳಿದಳು. "ಅವ್ರು ರಾತ್ರಿ ಹೊತ್ತು ಮಲಗೋದೇ ಇಲ್ವಾ ಅಕ್ಕ?"

"ಯಾರು? ಚೇತುನಾ? ಮಲಗ್ತಾನೆ, ಮಲಗ್ದೆ ಏನು?"

"ಹಂದಿ ಓಡಿಸೋಕೆ ಯಾರೂ ಸ್ವಾಮಿ ಅನ್ನಲ್ಲ."

ನಾನು ಬಗ್ಗಿ ಕಾಲಿನ ಕೆಸರು ತೊಳೆದುಕೊಂಡೆ. ತೊಳೆದ ಕಾಲನ್ನೇ ಮತ್ತೆ ತೊಳೆದೆ. ಅವಳು ಕಾಯುತ್ತಿದ್ದಳು.

"ನಿಮ್ದು ಯಾವೂರು ಅಕ್ಕ, ತವರು?"

"ಕಂಪಲಾಪುರ. ನಮ್ಮಪ್ಪಂದು ರೋಡಲ್ಲೇ ದಿನಸಿ ಅಂಗ್ಡಿ."

"ನಿಮ್ಮನ್ನ ಈ ಊರಿಗೆ ಕೊಡುವಾಗ ಆನೆ ವಿಷ್ಯ ಹೇಳಿದ್ರಾ?"

ಇಷ್ಟು ವರ್ಷದಲ್ಲಿ ಯಾರೂ ಇದನ್ನು ನನ್ನನ್ನು ಕೇಳಿರಲಿಲ್ಲ. ನನ್ನ ಅಪ್ಪನೂ ಕೇಳಿರಲಿಲ್ಲ. ಇಲ್ಲ, ಹೇಳಿರಲಿಲ್ಲ. ಆನೆಯನ್ನು ನಾವೂ ದಸರಾದಲ್ಲೇ ನೋಡುವುದು ಎಂದಿದ್ದರು ನಮ್ಮ ಅತ್ತೆ ವಿಮಲಮ್ಮ. ಮದುವೆಯಾಗಿ ಇನ್ನೂ ಬಳೆಯ ಹಸಿರು ಮಾಸಿರಲಿಲ್ಲ, ಅಡುಗೆಮನೆಯ ಹಿಂದೆ ಗೋಡೆಗೆ ಮೈ ಉಜ್ಜಿದ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಆಚೆ ಕತ್ತಲೆಯೂ ಇಲ್ಲ, ಬೆಳಕೂ ಇಲ್ಲ, ಬರೀ ಚರ್ಮ. ಅತ್ತೆಯ ಸೆರಗು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಅಲ್ಲಿಂದ ಒಂದು ವರ್ಷ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಈಗಲೂ ಅಷ್ಟೇ, ಚೇತು ಅಟ್ಟಣೆಯ ಮೇಲಿರುವ ತಿಂಗಳುಗಳಲ್ಲಿ ನಾನು ಅರ್ಧ ಕಿವಿ ತೆರೆದುಕೊಂಡೇ ಮಲಗುತ್ತೇನೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಹೇಳಬೇಕೆಂದು ಹೇಳಲಿಲ್ಲ, ಶುರುವಾದ ಮೇಲೆ ನಿಲ್ಲಲಿಲ್ಲ.

"ಸುಳ್ಳು ಹೇಳಿದ್ದಕ್ಕೆ ಅವ್ರನ್ನ ಕ್ಷಮಿಸಿದ್ದೀರಾ?" ಎಂದಳು.

"ಇಲ್ಲ" ಎಂದೆ. ಯೋಚನೆಯೇ ಮಾಡಲಿಲ್ಲ, ಬಾಯಿಂದ ಹಾಗೇ ಬಂತು. "ನಮ್ಮತ್ತೆ ನನ್ನ ಮಗ್ಳಂಗೆ ನೋಡ್ಕಂಡವ್ರೆ. ಆದ್ರೂ ಅದೊಂದ್ ವಿಷ್ಯ ಮಾತ್ರ ಇಲ್ಲ."

ಸುಕನ್ಯ ತಿರುಗಿ ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ತಿರುಗಿಸಿ ಅನ್ನಬಹುದಿತ್ತು. ಇನ್ನು ಹತ್ತು ವರ್ಷದ ಮೇಲೆ ಇವಳು ಇನ್ಯಾರ ಮುಂದಾದರೂ ನಿಂತು ನನ್ನ ವಿಷಯದಲ್ಲಿ ಇದೇ 'ಇಲ್ಲ' ಹೇಳುತ್ತಾಳೆ ಅನ್ನಿಸಿತು. ನನಗೆ ತಡೆಯಲಾಗದಷ್ಟು ನಾಚಿಕೆಯಾಯಿತು.

"ನೀನ್ ಇಲ್ಲೇ ಇರು" ಎಂದು ಅವಳನ್ನು ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ದಡ ಹತ್ತಿ ಹೋದೆ. ಸುನಂದಮ್ಮನ ಎದುರು ನಿಂತೆ. ಕೂತರೆ ಧೈರ್ಯ ಕೂತುಬಿಡುತ್ತದೆ ಎಂದು ಕೂರಲಿಲ್ಲ.

"ಅಮ್ಮ, ನಾನು ಫೋನಲ್ಲಿ ಏಳಿದ್ದು ಸುಳ್ಳು. ನಮ್ಮೂರ್ಗೆ ಆನೆ ಬತ್ತವೆ. ಈ ವಾರ ನಮ್ಮ ಇತ್ಲು ಗೋಡೆ ಕೆಡವ್ಬುಟ್ಟವೆ, ಅದಕ್ಕೇ ನಿಮ್ಮನ್ನ ಮನೆಗೆ ಕರೀಲಿಲ್ಲ. ಚೇತು ರಾತ್ರಿಯೆಲ್ಲಾ ರಾಗಿ ಕಾಯ್ತಾನೆ. ಅವ್ನು ಸುಳ್ಳೇಳಿಲ್ಲ, ಅವ್ನ ಬಾಯಿ ಮುಚ್ಚಿಸಿದ್ದು ನಾನು."

ವ್ಯಾನಿನ ಹತ್ತಿರದಿಂದ ಯತೀಶ್ "ಭಾಗ್ಯ!" ಎಂದು ಕೂಗಿದರು. ನಾನು ತಿರುಗಲಿಲ್ಲ.

ಸುನಂದಮ್ಮ ಎದ್ದರು. ಅಲ್ಲಿಯವರೆಗೆ ನೋಯುತ್ತಿದ್ದ ಕಾಲು ಎಲ್ಲಿ ಹೋಯಿತೋ. "ಅಲ್ಲ ಕಣಮ್ಮಿ, ಸುಳ್ಳೇಳಿ ಹೆಣ್ ತಗಂಡೋಗಕ್ಕೆ ಬಂದಿದ್ರಾ? ನಾಳೆ ನನ್ ಮಗ್ಳಿಗೆ ಏನಾದ್ರೂ ಆದ್ರೆ ನಿನ್ ರೊಟ್ಟಿ ಬಂದು ಉಳಿಸ್ತಿತ್ತಾ? ಒಂದ್ ಹೆಣ್ಣಾಗಿ ಇನ್ನೊಂದ್ ಹೆಣ್ಣಿಗೆ ಇಂಗೆ ಮಾಡಕ್ಕೆ ಎಂಗ್ ಮನಸ್ ಬತ್ತು ನಿಂಗೆ?"

ಚೇತು ಹತ್ತಿರ ಬಂದು ಕೈಕಟ್ಟಿ ನಿಂತ. "ತಪ್ಪಾಯ್ತು ಕಣಮ್ಮ. ನಿಮ್ಮನ್ನ ಊರ್ಗೆ ಬುಟ್ಟು ಬತ್ತೀವಿ, ನಡೀರಿ" ಎಂದ. ಆಚೆ ದಡದಲ್ಲಿ ಏನೋ ಕಪ್ಪಗೆ ಚಲಿಸಿದಂತಾಯಿತು. ಆನೆಯೋ ಕಾಟಿಯೋ. ಯಾರಿಗೂ ಬೇಕಿರಲಿಲ್ಲ.

"ಊರ್ಗೇನೂ ಬ್ಯಾಡ. ಹುಣಸೂರು ಸ್ಟ್ಯಾಂಡಿಗೆ ಬುಡಿ ಸಾಕು" ಎಂದರು ಸುನಂದಮ್ಮ.

ಬರುವಾಗಿನ ದಾರಿ ಹೋಗುವಾಗಿನದಕ್ಕಿಂತ ಉದ್ದವಾಗಿತ್ತು. ಯತೀಶ್ ಸಿಟ್ಟನ್ನೆಲ್ಲ ಗೇರಿನ ಮೇಲೆ ತೋರಿಸುತ್ತಿದ್ದರು. ಚೇತು ಅವರ ಪಕ್ಕ ಮುಂದೆ ಕೂತಿದ್ದ. ಈಗ ನಿದ್ದೆ ಮಾಡಬಹುದಿತ್ತು, ಮಾಡಲಿಲ್ಲ. ಅವನ ಕುತ್ತಿಗೆಯ ಹಿಂಭಾಗ ನೋಡಿದರೆ ನನಗೆ ಅಳು ಬರುತ್ತಿತ್ತು. ಇಸ್ತ್ರಿ ಮಾಡಿದ ಕಾಲರು ಬೆವರಿಗೆ ಮುದುಡಿತ್ತು. ಮಾಡಿದ್ದು ಸರಿ ಎಂದು ಒಂದು ಗಳಿಗೆ ಅನ್ನಿಸಿದರೆ, ಕೈಗೆ ಬಂದದ್ದನ್ನು ಹಾಳು ಮಾಡಿದೆ ಎಂದು ಮರುಗಳಿಗೆ. ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೇನೋ. ಸೀಟಿನ ಕೆಳಗೆ ಡಬ್ಬಿ ಪ್ರತಿ ತಿರುವಿನಲ್ಲೂ ಜಾರಿ ನನ್ನ ಹಿಮ್ಮಡಿಗೆ ಬಡಿಯುತ್ತಿತ್ತು. ಅದನ್ನು ಕಿಟಕಿಯಿಂದ ಆಚೆ ಎಸೆಯುವಷ್ಟು ಕೋಪ ಬಂತು.

ಹುಣಸೂರಿನ ದೀಪಗಳು ಇನ್ನೂ ಹೊತ್ತಿರಲಿಲ್ಲ, ದೂರದಲ್ಲಿ ಊರು ಕಾಣುತ್ತಿತ್ತು. ಆಗ ಸುಕನ್ಯ ಮುಂದಕ್ಕೆ ಬಗ್ಗಿ ಹೇಳಿದಳು. "ಇವ್ರೇ, ಬೆಳಿಗ್ಗೆ ಬಸ್ಸಲ್ಲಿ ಕೂಗಿದ್ರಲ್ಲ. ಆ ಆನೆ ಹೊರಟೋಯ್ತು. ಯಾವಾಗ್ಲೂ ಹೋಗ್ತವಾ?"

ಚೇತು ತಿರುಗಿದ. ತಾನು ಮಾತಾಡಬಹುದೇ ಎಂದು ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಇನ್ನೇನಿತ್ತು? ತಲೆಯಾಡಿಸಿದೆ.

"ಇಲ್ಲ" ಎಂದ. "ಎಷ್ಟೋ ಸಲ ಓಗಲ್ಲ. ಹೊಟ್ಟೆ ಹಸಿದಿದ್ರೆ ಯಾರ್ ಮಾತೂ ಕೇಳಲ್ಲ ಅವು. ಆಗ ನಾನು ಸುಮ್ನೆ ಮ್ಯಾಲೆ ಕೂತಿರ್ತೀನಿ. ಭಯ ಆಯ್ತದೆ."

"ಭಯ ಆಗುತ್ತಾ?"

"ಬೋ ಆಯ್ತದೆ."

ಮುಗಿಯಿತು ಎಂದುಕೊಂಡೆ. ಯಾವ ಗಂಡಾದರೂ ಹೆಣ್ಣಿನ ಎದುರು ಹೀಗೆ ಹೇ‍ಳುತ್ತಾನೆಯೇ? ಇವನಿಗೆ ಸುಳ್ಳು ಹೇಳಬೇಡ ಎಂದರೆ ಇಷ್ಟೊಂದು ನಿಜ ಹೇಳಬೇಕೆ? ಸುಕನ್ಯ ಹಿಂದಕ್ಕೆ ಒರಗಿ ಕೂತು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಬಗ್ಗಿ, ನನ್ನ ಕಾಲ ಬಳಿ ಕೈ ಹಾಕಿ ಡಬ್ಬಿ ಎಳೆದುಕೊಂಡಳು.

"ಹಸಿವಾಗ್ತಿದೆ ಅಕ್ಕ. ತಿನ್ನಲಾ?"

"ಬೆಳಿಗ್ಗೆದು ಕಣವ್ವ. ಗಟ್ಟಿಯಾಗೋಗಿರ್ತದೆ" ಎಂದೆ. ಎಂಥ ಮಾತು ಹೇಳಿದೆ ನೋಡಿ.

"ಲೇ ಸುಕನ್ಯ!" ಎಂದರು ಸುನಂದಮ್ಮ. ಅವಳು ಆಗಲೇ ಮುಚ್ಚಳ ತೆಗೆದಿದ್ದಳು. ರೊಟ್ಟಿ ನಿಜಕ್ಕೂ ಗಟ್ಟಿಯಾಗಿತ್ತು, ಎರಡು ಕೈಯಲ್ಲಿ ಹಿಡಿದು ಮುರಿದಳು. ಚಟ್ನಿ ಹಚ್ಚಿಕೊಂಡು ಬಾಯಿಗಿಟ್ಟಳು. ಅಗಿದಳು. ವ್ಯಾನು ತಾನಾಗಿಯೇ ನಿಧಾನವಾಯಿತು. ಯತೀಶ್ ಕನ್ನಡಿಯಲ್ಲಿ ನೋಡುತ್ತಿದ್ದರು. ಚೇತು ಮಾತ್ರ ಮುಂದೆ ರಸ್ತೆಯನ್ನೇ ನೋಡುತ್ತಿದ್ದ, ಕಿವಿ ಮತ್ತೆ ಕೆಂಪಾಗುತ್ತಿತ್ತು.

ಸುನಂದಮ್ಮ ಮಗಳ ಕೈ ಹಿಡಿಯಲು ಹೋದರು, ಹಿಡಿಯಲಿಲ್ಲ. ಬಹಳ ಹೊತ್ತು ಅವಳು ಅಗಿಯುವುದನ್ನೇ ನೋಡಿದರು. ಅವರ ಕಣ್ಣಿನಲ್ಲಿ ನೀರಿತ್ತು. "ಗೊತ್ತಿದ್ದೂ ಗೊತ್ತಿದ್ದೂ ತಿಂತಾ ಇದ್ದೀಯ ಕಣೆ ನೀನು" ಎಂದರು. ಆಮೇಲೆ ತಮ್ಮ ಚೀಲದಿಂದ ಊರಿನಿಂದ ತಂದಿದ್ದ ನೀರಿನ ಬಾಟಲಿ ತೆಗೆದು ಮಗಳ ತೊಡೆಯ ಮೇಲಿಟ್ಟರು. "ಕುಡ್ಕಂಡು ತಿನ್ನು. ಬಿಕ್ಕಳಿಕೆ ಬತ್ತದೆ."

ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ನಾನು ಡಬ್ಬಿಗೆ ಕೈ ಚಾಚಿದೆ. ಸುಕನ್ಯ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಲ್ವಾ ಅಕ್ಕ. ಮನೆ ನೋಡೋಕೆ ಬರುವಾಗ ತುಂಬಿಸಿ ತರ್ತೀನಿ" ಎಂದು, ಚೇತುವಿನ ಕಡೆ ಒಮ್ಮೆ ನೋಡಿ ಬಸ್ಸು ಹತ್ತಿದಳು. ಸುನಂದಮ್ಮ ಹತ್ತುವ ಮುಂಚೆ ನನ್ನ ಕಡೆ ಬೆರಳು ತೋರಿಸಿ, "ಇನ್ನೊಂದ್ ಸುಳ್ಳೇಳು, ಆಮೇಲೈತೆ ನಿಂಗೆ" ಎಂದರು.

ಬಸ್ಸು ಹೋದ ಮೇಲೆ ನಾವು ಮೂವರೂ ಅಲ್ಲೇ ನಿಂತಿದ್ದೆವು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು, ಅಷ್ಟೇ ಹೆದರಿಕೆಯೂ ಆಗಿತ್ತು. ಇನ್ನು ರಾಗಿ ಕಾಯುವ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಅರ್ಧ ಕಿವಿ ತೆರೆದು ಮಲಗುವವರು ಇಬ್ಬರಾಗುತ್ತಾರೆ. ಚೇತು ಹಿಂದಿನ ಸೀಟಿನಲ್ಲಿ ಕೂತವನು ಹನಗೋಡಿನ ರಸ್ತೆ ಹಿಡಿಯುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಯತೀಶ್ ಸಿಟ್ಟು ಮರೆತು, ನಾಳೆಯೇ ಗಾರೆಯವನನ್ನು ಕರೆಸಿ ಗೋಡೆ ಎತ್ತಿಸಿಬಿಡುತ್ತೇನೆ ಎಂದರು.

"ಏನೂ ಬ್ಯಾಡ" ಎಂದೆ. "ಅವ್ಳು ಬರೋಗಂಟ ಅದು ಅಂಗೇ ಬಿದ್ದಿರ್ಲಿ."